ಸೆರಗಿನಲ್ಲಿ ಕಟ್ಟಿದ ಉಪ್ಪು

ಅಯ್ಯಗಾರ ಅಂಗಿಯ ಬೆನ್ನ ಮೇಲೆ ಬೆವರು ಒಣಗಿ ಬಿಳಿ ಗೆರೆಗಳು ಮೂಡಿರುತ್ತಿದ್ದವು. ನೀರು ಇಳಿಯುತ್ತಾ ಹೋದಂತೆ ಕೆರೆಯ ಅಂಚಿನಲ್ಲಿ ಒಂದರ ಕೆಳಗೊಂದು ಗುರುತು ಉಳಿಯುತ್ತದಲ್ಲ, ಹಾಗೆ. ಅವರು ಯಾವಾಗಲೂ ಕಂದು ಬಣ್ಣದ ಅಂಗಿ ತೊಡುತ್ತಿದ್ದರಿಂದ ಆ ಗೆರೆಗಳು ದೂರಕ್ಕೇ ಕಾಣುತ್ತಿದ್ದವು. ಬಿಳಿ ಅಂಗಿ ತೊಡಬಾರದೇ ಎಂದು ನಾನು ಒಮ್ಮೆ ಕೇಳಿದೆ.

"ಬಿಳಿ ಅಂಗಿ ಹಾಕ್ಕೊಂಡ್ರ ಮಂದಿ ನನ್ನ ಕಡೆ ರೇಷನ್ ಕಾರ್ಡ್ ಮಾಡಿಸಿಕೊಡ್ರಿ ಅಂತ ಬರ್ತಾರ ಮಗಳ" ಎಂದರು.

ನಮ್ಮ ಕಡೆ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವವರನ್ನು ಅಯ್ಯಗಾರು ಎನ್ನುತ್ತೇವೆ. ತೆಲುಗು ಸೀಮೆ ಹತ್ತಿರವಿರುವುದರಿಂದ ಬಂದ ಮಾತಿರಬೇಕು. ಇವರು ದೇವದುರ್ಗ ತಾಲೂಕಿನ ಒಂದು ಹಳ್ಳಿಯವರು. ಹರೆಯದಲ್ಲಿ ಊರು ಬಿಟ್ಟು ಹೋಗಿ ಬೋಧಕರ ಪಾಠಶಾಲೆಯಲ್ಲಿ ಗ್ರೀಕ್ ಕಲಿತು ಬಂದವರು. ಮಾನ್ವಿ ಕಡೆಯ ಹಳ್ಳಿಗಳಲ್ಲಿ ಬಹಳ ಕಾಲ ಸಭೆ ನಡೆಸಿ, ವಯಸ್ಸಾದ ಮೇಲೆ ರಾಯಚೂರಿಗೆ ಬಂದು ನಮ್ಮ ಓಣಿಯಲ್ಲೇ ಒಂದು ಕೋಣೆ ಹಿಡಿದರು. ಹೆಂಡತಿ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ನಾನು ಹತ್ತನೇ ತರಗತಿ ಮುಗಿಸಿ ಹೊಲಿಗೆ ಮಷಿನ್ ಹಿಡಿದವಳು. ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ.

ಬೈಬಲಿನ ಸುವಾರ್ತೆಯನ್ನು ಅದರ ಮೂಲ ಗ್ರೀಕ್ ಭಾಷೆಯಿಂದ ನಮ್ಮ ಕಡೆಯ ಆಡುಮಾತಿಗೆ ತರಬೇಕೆಂಬುದು ಅವರ ಕೊನೆಗಾಲದ ಕೆಲಸವಾಗಿತ್ತು. ಅಚ್ಚಾದ ಪುಸ್ತಕದ ಕನ್ನಡ ನಮ್ಮ ಹೆಂಗಸರಿಗೆ ಹತ್ತುವುದಿಲ್ಲ ಎಂದು ಅವರ ದೂರು. "ಎಲ್ಲಾರೂ ಕಣ್ಣು ಮುಚ್ಚಿಕೊಂಡು ಕೇಳ್ತಾರ. ಭಕ್ತಿ ಅಂತ ನಾ ಇಷ್ಟು ವರ್ಷ ತಿಳಕೊಂಡಿದ್ದೆ. ನಿದ್ದಿ ಅದು" ಎನ್ನುತ್ತಿದ್ದರು. ಸಭೆಯ ಹಿರಿಯರು ಒಪ್ಪಿದರು. ಕೆಲಸ ಮುಗಿದರೆ ಅಚ್ಚು ಹಾಕಿಸುವುದೆಂದು ಮಾತಾಯಿತು.

ಕೆಲಸದ ರೀತಿ ಹೀಗಿತ್ತು. ಅಯ್ಯಗಾರು ಗ್ರೀಕ್‌ನ ಒಂದು ಮಾತನ್ನು ಕನ್ನಡಕ್ಕೆ ತಂದು ನನಗೆ ಒಂದೇ ಸಲ ಓದಿ ಹೇಳುತ್ತಿದ್ದರು. ನಾನು ಕಾಗದ ನೋಡುವಂತಿರಲಿಲ್ಲ. ಕೇಳಿದ್ದನ್ನು ಬಾಯಲ್ಲಿ ಹೊತ್ತುಕೊಂಡು ಮನೆಗೆ ಬಂದು, ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿರುತ್ತಿದ್ದ ಅವ್ವನಿಗೆ ನನ್ನ ಮಾತಿನಲ್ಲಿ ಹೇಳಬೇಕು. ಅವ್ವನಿಗೆ ಏನು ತಿಳಿಯಿತು ಎಂಬುದನ್ನು ಮತ್ತೆ ಅವರಿಗೆ ಹೋಗಿ ಒಪ್ಪಿಸಬೇಕು. ಅವ್ವನಿಗೆ ತಿಳಿದದ್ದೂ ಗ್ರೀಕ್‌ನಲ್ಲಿ ಇದ್ದದ್ದೂ ಒಂದೇ ಆದರೆ ಆ ಮಾತು ಪಾಸು. ಇಲ್ಲದಿದ್ದರೆ ಕಾಗದದ ಮೇಲೆ ಅಡ್ಡಗೆರೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಈ ಕೆಲಸ ಅವಳಿಗೆ ಸೇರುತ್ತಿತ್ತು. ದೀಪ ಹಚ್ಚಿ ಅದರ ಮೇಲೆ ಬುಟ್ಟಿ ಕವಿಚುವ ಮಾತನ್ನು ನಾನು ಹೇಳಿದ ದಿನ ಅವಳು ಮೊರ ಕೆಳಗಿಟ್ಟಳು.

"ಉರಿಯೋ ದೀಪದ ಮ್ಯಾಲ ಬುಟ್ಟಿ ಡಬ್ಬ ಹಾಕಿದ್ರ ಬುಟ್ಟಿ ಸುಡಂಗಿಲ್ಲೇನು? ಅಷ್ಟೂ ತಿಳಿಯಂಗಿಲ್ಲೇನು ಆ ಮಂದಿಗೆ?"

ಇದನ್ನು ಒಪ್ಪಿಸಿದಾಗ ಅಯ್ಯಗಾರು ಕೆಮ್ಮು ಬರುವ ತನಕ ನಕ್ಕರು. "ಅಲ್ಲೂ ಅದನ್ನ ಹೇಳ್ಯಾನವಾ, ಯಾರೂ ಹಂಗ ಮಾಡಂಗಿಲ್ಲ ಅಂತ. ಇವತ್ತು ನಾ ಪಾಸಾದೆ, ಹೋಗಿ ನಿಮ್ಮವ್ವಗ ಹೇಳು."

ಅವರು ಮೆತ್ತಗಿನ ಮನುಷ್ಯರಾಗಿರಲಿಲ್ಲ. ಮುಂಗೋಪಿ. ಗ್ರೀಕ್ ಬರುತ್ತದೆಂಬ ಹೆಮ್ಮೆ ಇತ್ತು. ಉದ್ದುದ್ದ ಉಪದೇಶ ಮಾಡುತ್ತಿದ್ದರು, ನಡುವೆ ಯಾರಾದರೂ ಎದ್ದರೆ ಹೆಸರು ಹಿಡಿದು ಕೂಡಿಸುತ್ತಿದ್ದರು. ಮಾನ್ವಿ ಕಡೆ ಇದ್ದಾಗ ಇನ್ನೂ ಬಿರುಸಾಗಿದ್ದರಂತೆ. ಆ ಕಾಲದ ಒಂದು ಸಂಗತಿ ನನಗೂ ಗೊತ್ತು, ಏಕೆಂದರೆ ಅದು ನಮ್ಮ ಮನೆಯದೇ.

ನಮ್ಮ ಊರು ಮಾನ್ವಿ ತಾಲೂಕಿನಲ್ಲಿ ಕೆನಾಲಿನ ಕೆಳಗೆ. ಯಾರಾದರೂ ಸತ್ತರೆ ಕುಣಿಯೊಳಗೆ ಸಂಬಂಧಿಕರು ಒಂದೊಂದು ಹಿಡಿ ಉಪ್ಪು ಹಾಕುವುದು ನಮ್ಮ ಮಂದಿಯ ಪದ್ಧತಿ. ಹಿಂದಿನಿಂದಲೂ ಇದ್ದದ್ದು. ಇದು ಚರ್ಚಿನ ಪದ್ಧತಿಯಲ್ಲ, ಕುಣಿಯೊಳಗೆ ಮಣ್ಣು ಬಿಟ್ಟು ಬೇರೇನೂ ಬೀಳಬಾರದು ಎಂದು ಅಯ್ಯಗಾರು ನಿಲ್ಲಿಸಿದರು. ಹೆಂಗಸರು ಸೆರಗಿನ ತುದಿಯಲ್ಲಿ ಉಪ್ಪು ಕಟ್ಟಿಕೊಂಡು ಬಂದು, ಮಣ್ಣು ಹಾಕುವಾಗ ಕೈಯಲ್ಲಿ ಸೇರಿಸಿ ಕದ್ದು ಹಾಕುತ್ತಿದ್ದರು. ನಮ್ಮಪ್ಪ ತೀರಿದಾಗ ನಾನು ಸಣ್ಣವಳು. ಅವ್ವನ ಸೆರಗಿನ ಗಂಟು ಅವರ ಕಣ್ಣಿಗೆ ಬಿತ್ತು. ಎಲ್ಲರೆದುರು ಬಿಚ್ಚಿಸಿ, ಕುಣಿಯಿಂದಾಚೆ ನೆಲದ ಮೇಲೆ ಚೆಲ್ಲಿಸಿದರು. ಅವ್ವ ಚೆಲ್ಲಿದಳು. ಬರಿಗೈಯಲ್ಲಿ ಗಂಡನನ್ನು ಕಳಿಸಿದಳು. ನನಗೆ ಅವತ್ತಿನ ದಿನದಲ್ಲಿ ನೆನಪಿರುವುದು ಅದೊಂದೇ, ಕೆಂಪು ನೆಲದ ಮೇಲೆ ಬಿದ್ದಿದ್ದ ಹರಳುಪ್ಪು.

ಇನ್ನೊಂದು ಸಂಗತಿ ಅಯ್ಯಗಾರಿಗೆ ಗೊತ್ತಿರಲಿಲ್ಲ. ಮೇಲಿನವರ ಭತ್ತದ ಗದ್ದೆಗಳಿಂದ ನೀರು ಇಳಿದಿಳಿದು ನಮ್ಮ ಹೊಲ ಸವಳಾಗಿತ್ತು. ಬೇಸಿಗೆಯಲ್ಲಿ ನೋಡಿದರೆ ಯಾರೋ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಉಪ್ಪು ಎದ್ದಿರುತ್ತಿತ್ತು. ಜೋಳ ಹಾಕಿದರೆ ಮೊಳಕೆ ಸುಟ್ಟುಹೋಗುತ್ತಿತ್ತು. ಹೊಲ ಕೆಟ್ಟ ವರ್ಷಗಳಲ್ಲೇ ಅವ್ವನ ಕೂಸುಗಳೂ ಒಂದೊಂದಾಗಿ ಹೋದವು. ನನ್ನ ಮುಂದೆ ಹುಟ್ಟಿದವೂ ಉಳಿಯಲಿಲ್ಲ, ಹಿಂದೆ ಹುಟ್ಟಿದ್ದೂ ಉಳಿಯಲಿಲ್ಲ. ನಮ್ಮಪ್ಪನ ತಂಗಿ, ನನ್ನ ಸೋದರತ್ತೆ, ಅವ್ವನನ್ನು ಸವಳವ್ವ ಎಂದು ಕರೆಯಲು ಶುರುಮಾಡಿದಳು. ಹೊಲಕ್ಕೆ ಕಾಲಿಟ್ಟರೆ ಹೊಲ ಸವಳು, ಹೊಟ್ಟೆಯೂ ಸವಳು ಎಂದು. ಊರೆಲ್ಲ ಅದೇ ಹೆಸರು ಹಿಡಿಯಿತು. ಅಪ್ಪ ತೀರಿದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ರಾಯಚೂರಿಗೆ ಬಂದು ಅಕ್ಕಿ ಗಿರಣಿಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ನಿಂತದ್ದು ಹೊಟ್ಟೆಗಾಗಿ ಎಷ್ಟೋ, ಆ ಹೆಸರಿನಿಂದ ತಪ್ಪಿಸಿಕೊಳ್ಳುವುದಕ್ಕೂ ಅಷ್ಟೇ. ಇಲ್ಲಿ ಯಾರೂ ಅವಳನ್ನು ಹಾಗೆ ಕರೆಯುತ್ತಿರಲಿಲ್ಲ.

ಅಯ್ಯಗಾರಿಗೆ ಉಪ್ಪಿನ ಮಾತೆಂದರೆ ಬಹಳ ಪ್ರೀತಿ. ಉಪ್ಪಿಗೆ ಗ್ರೀಕ್‌ನಲ್ಲಿ ಹಲಾಸ್ ಅನ್ನುತ್ತಾರೆ ಎಂದು ನನಗೆ ಹೇಳಿದ್ದರು. ಅವ್ವ ಅದನ್ನು ಕೇಳಿ, "ಹಲಸಿನ ಹಣ್ಣು ಉಪ್ಪಿರ್ತದೇನು ಆ ಊರಾಗ?" ಎಂದಿದ್ದಳು. ಸುವಾರ್ತೆಗಳಲ್ಲಿ ಉಪ್ಪು ಬರುವುದು ಕೆಲವೇ ಕಡೆ, ಆದರೆ ಒಂದೊಂದು ಕಡೆ ಒಂದೊಂದು ತೊಡಕು ಎನ್ನುತ್ತಿದ್ದರು. ಒಂದು ಕಡೆ, ಕೆಟ್ಟುಹೋದ ಉಪ್ಪು ಹೊಲಕ್ಕೂ ಬಾರದು, ತಿಪ್ಪೆಗೂ ಬಾರದು ಎಂದಿದೆಯಂತೆ. "ಅಂದ್ರ ಕೆಡಲಾರದ ಉಪ್ಪನ್ನ ತಿಪ್ಪಿಗೆ ಹಾಕೋ ಮಂದಿ ಅಲ್ಲಿ ಇದ್ರು ಅನಸ್ತದ" ಎಂದರು. ಇನ್ನೊಂದು ಕಡೆ, ಪ್ರತಿಯೊಬ್ಬನಿಗೂ ಬೆಂಕಿಯಿಂದ ಉಪ್ಪು ಬೀಳುತ್ತದೆ ಎಂಬಂಥ ಮಾತು. "ಇದರ ಅರ್ಥ ಪೂರಾ ತಿಳದೋರು ಯಾರೂ ಇಲ್ಲ. ರಾಯಚೂರಾಗ ಮೇ ತಿಂಗಳು ಕಳೆದೋರಿಗೆ ತಿಳೀಬೇಕಿತ್ತು, ನನಗೂ ತಿಳದಿಲ್ಲ."

ಎಲ್ಲಕ್ಕಿಂತ ಸುಲಭ ಎಂದು ಅವರು ತಿಳಿದದ್ದು ಸ್ವಾಮಿ ತನ್ನ ಶಿಷ್ಯರನ್ನು ಹೊಗಳಿ ಉಪ್ಪು ಎಂದು ಕರೆಯುವ ಮಾತನ್ನು. ಅಲ್ಲಿ ಬರುವ ಗ್ರೀಕ್ ಶಬ್ದ, ಬೀಜ ಬಿತ್ತುವ ನೆಲಕ್ಕೂ ಅದೇ, ನಾಡಿಗೂ ಅದೇ, ಇಡೀ ಲೋಕಕ್ಕೂ ಅದೇ. ಅಚ್ಚಿನ ಪುಸ್ತಕದಲ್ಲಿ ಭೂಮಿ ಎಂದಿತ್ತು. ಭೂಮಿ ಎಂದರೆ ನಮ್ಮ ಹೆಂಗಸರಿಗೆ ಎಲ್ಲೋ ದೂರದ್ದು, ಶಾಲೆಯ ಗೋಡೆಯ ನಕ್ಷೆಯ ಹಾಗೆ, ಕಾಲ ಕೆಳಗಿನದಾಗಬೇಕು ಎಂದು ಅವರು ನೆಲ ಎಂದು ಬರೆದರು. 'ನೀವು ಈ ನೆಲಕ್ಕ ಉಪ್ಪಿದ್ದಂಗ' ಎಂದು ಓದಿ ಹೇಳಿ, ನಾನು ಏಳುವಷ್ಟರಲ್ಲಿ ಕೈ ಅಡ್ಡ ಮಾಡಿದರು.

"ಇದನ್ನ ನಿಮ್ಮವ್ವನ ತನಕ ಒಯ್ಯೋದು ಬ್ಯಾಡ. ಉಪ್ಪು ಗೊತ್ತಿಲ್ಲದ ಮನಿ ಯಾವುದದ? ಮುಂದಿಂದು ಕೇಳು."

ಇಡೀ ಪುಸ್ತಕದಲ್ಲಿ ಅವ್ವನ ಕಿವಿಗೆ ಬೀಳದೆ ಪಾಸಾದ ಮಾತು ಅದೊಂದೇ. ಅವತ್ತು ನನಗೂ ಏನೂ ಹೊಳೆಯಲಿಲ್ಲ. ಹತ್ತಿರದಲ್ಲಿ ಇದ್ದವರಿಗೆ ಹತ್ತಿರದ್ದು ಕಾಣುವುದಿಲ್ಲ.

ಆ ವರ್ಷ ಸುಗ್ಗಿಯ ಹೊತ್ತಿಗೆ ಇಡೀ ಪುಸ್ತಕ ಒಂದು ಸಲ ಪಾಸಾಗಿತ್ತು, ತಿದ್ದುವುದಷ್ಟೇ ಉಳಿದಿತ್ತು. ಸುಗ್ಗಿ ಮುಗಿದ ಮೇಲೆ ನಮ್ಮ ಊರಿನಲ್ಲಿ ಸೋದರತ್ತೆಯ ಮೊಮ್ಮಗುವಿಗೆ ಹೆಸರಿಡುವ ಪ್ರಾರ್ಥನೆ ಇಟ್ಟುಕೊಂಡರು. ಅಯ್ಯಗಾರನ್ನು ಕರೆದಿದ್ದರು. ಅವ್ವ ಬರುವುದಿಲ್ಲ ಎಂದಿದ್ದವಳು, ಅಯ್ಯಗಾರು ಜೊತೆಗಿರುತ್ತಾರಲ್ಲ ಎಂದು ಹೊರಟಳು. ಹೊಸ ಕನ್ನಡವನ್ನು ಅವರು ಮೊದಲ ಸಲ ಜನರ ಮುಂದೆ ಓದಿದ್ದು ಅಲ್ಲಿ. ಚಪ್ಪರದ ಕೆಳಗೆ ಹೆಂಗಸರು ಕಣ್ಣು ತೆರೆದುಕೊಂಡು ಕೇಳುತ್ತಿದ್ದರು. ಅವರಿಗೆ ಅದೇ ದೊಡ್ಡ ಸಂತೋಷ. ದನಿ ಏರಿಸಿ, ಎದುರಿಗೆ ಕೂತವರತ್ತ ಕೈ ಚಾಚಿ, ಉಪ್ಪಿನ ಮಾತನ್ನು ಓದಿದರು. ಅವ್ವ ಮುಂದಿನ ಸಾಲಿನಲ್ಲೇ ಇದ್ದಳು.

ಅಷ್ಟರಲ್ಲಿ ಸೋದರತ್ತೆ ಪಕ್ಕದವಳಿಗೆ ಹೇಳಿದಳು, ಕೂತ ಹೆಂಗಸರಿಗೆಲ್ಲ ಕೇಳುವ ಹಾಗೆ. "ಏ, ನಮ್ಮ ಸವಳವ್ವನ ಹೆಸರು ದೇವರ ಪುಸ್ತಕದಾಗ ಬಂದದ ನೋಡಬೇ."

ಚಪ್ಪರವೆಲ್ಲ ನಕ್ಕಿತು. ಓದುತ್ತಲೇ ಇದ್ದ ಅಯ್ಯಗಾರಿಗೆ ಅದು ಕೇಳಿಸಿರಲಿಲ್ಲ. ಮಾತು ಜನಕ್ಕೆ ಹಿಡಿಸಿತು ಎಂದುಕೊಂಡು ಅವರೂ ನಕ್ಕರು. ಅವ್ವ ನೋಡಿದ್ದು ಅವರ ಆ ನಗುವನ್ನು. ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಸ್ಸು ನಿಲ್ಲುವ ಕಡೆ ನಡೆದಳು. ಊಟಕ್ಕೂ ನಿಲ್ಲಲಿಲ್ಲ.

ಮರುದಿನ ಅಯ್ಯಗಾರು ನಮ್ಮ ಮನೆಗೆ ಬಂದರು. ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆ ಕೂತರು. ಹಿಂದಿನ ದಿನ ಆಮೇಲಿನ ಬಸ್ಸಿನಲ್ಲಿ ಬರುತ್ತ ನಾನು ಅವರಿಗೆ ಆ ಹೆಸರಿನ ಕತೆಯೆಲ್ಲ ಹೇಳಿದ್ದೆ. ಅವ್ವ ಬಾಗಿಲ ಒಳಗೆ ನಿಂತಳು.

"ಯವ್ವಾ, ಗ್ರೀಕ್‌ನಾಗ ಅದು ಬ್ಯಾರೆ ಅರ್ಥದಾಗ ಅದ" ಎಂದು ಅವರು ಶುರುಮಾಡಿದರು.

"ನಿಮ್ಮ ಗ್ರೀಕ್ ತಗೊಂಡು ನಾ ಏನು ಮಾಡ್ಲಿ ಯಪ್ಪಾ" ಎಂದಳು ಅವ್ವ. ದನಿ ಏರಿರಲಿಲ್ಲ. "ನನ್ನ ಗಂಡನ ಮಣ್ಣಿನ ದಿನ ನನ್ನ ಸೆರಗಿನ ಉಪ್ಪು ಚೆಲ್ಲಿಸಿದ್ರಿ. ಈಗ ಅದೇ ಮಂದಿ ಮುಂದ ನನ್ನನ್ನೇ ಉಪ್ಪು ಅಂದ್ರಿ. ಅವರು ಅಂದ್ರ ಅನ್ಲಿ ಅಂತ ಊರು ಬಿಟ್ಟು ಬಂದೆ. ದೇವರೂ ಅದನ್ನ ಅಂದ ಮ್ಯಾಲ ಎಲ್ಲಿಗೆ ಹೋಗ್ಲಿ?"

ಅಯ್ಯಗಾರು ಅವಳ ಸೆರಗಿನ ಕಡೆ ನೋಡಿದರು. ಸೆರಗಿನ ಉಪ್ಪು ಚೆಲ್ಲಿಸಿದ್ದು ಅವರಿಗೆ ನೆನಪೇ ಇರಲಿಲ್ಲ ಎಂದು ಅವರ ಮುಖದಲ್ಲಿ ಕಂಡಿತು. ಅಂಥ ಎಷ್ಟೋ ಸೆರಗು ಬಿಚ್ಚಿಸಿದ್ದರು.

ಅವತ್ತಿನಿಂದ ಅವ್ವ ಚರ್ಚಿಗೆ ಹೋಗುವುದನ್ನು ಬಿಟ್ಟಳು. ನಾನು ಹೊತ್ತು ತಂದ ಮಾತು ಕೇಳುವುದನ್ನೂ ಬಿಟ್ಟಳು. ಹೇಳಹೋದರೆ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಅಯ್ಯಗಾರು ನಮ್ಮ ಹೊಲ ನೋಡಬೇಕೆಂದರು. ಏಪ್ರಿಲ್ ಬಿಸಿಲಿನಲ್ಲಿ ನಾನೇ ಕರೆದೊಯ್ದೆ. ಕೆನಾಲಿನ ಏರಿ ಇಳಿದು ಬದುವಿನ ಮೇಲೆ ನಿಂತರು. ಹೊಲವೆಲ್ಲ ಬೆಳ್ಳಗಿತ್ತು, ನಡುನಡುವೆ ಜಾಲಿ ಕಂಟಿ. ಅವರು ಬಗ್ಗಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡರು. ಮುಖ ಕಿವುಚಿತು. ಉಗುಳಲಿಲ್ಲ.

"ಕಹಿ ಅದ ಮಗಳ" ಎಂದರು. ಕೈ ಒರೆಸಿಕೊಳ್ಳುತ್ತ, "ಈ ಹೊಲದಾಗ ನಿಂತು ಆ ಮಾತು ಓದಿದ್ರ, ಬೈಗುಳ ಅಲ್ಲದ ಬ್ಯಾರೆ ಏನು ಕೇಳಸ್ತದ" ಎಂದು ತಮಗೇ ಹೇಳಿಕೊಂಡರು. ಹಿಂದಿರುಗುವಾಗ ಬಸ್ಸಿನಲ್ಲಿ ಅವರ ಬೆನ್ನ ಮೇಲಿನ ಬಿಳಿ ಗೆರೆಗಳನ್ನೇ ನೋಡುತ್ತ ಕೂತಿದ್ದೆ.

ಆಮೇಲೆ ಅವರು ಬೇರೆ ಕೆಲಸ ಮುಂದಕ್ಕೆ ಹಾಕಿ ಆ ಒಂದು ಮಾತಿನ ಹಿಂದೆ ಬಿದ್ದರು. ಈ ನೆಲದ ಮಂದಿಗೆ ಉಪ್ಪು ಎಂದು ಬರೆದರು. ಊಟಕ್ಕೆ ಉಪ್ಪು ಹ್ಯಾಂಗೋ ಲೋಕಕ್ಕೆ ನೀವು ಹಾಂಗ ಎಂದು ಬರೆದರು. ಸಾರಿನ ಹೆಸರು ತಂದರು, ಅಂಬಲಿಯ ಹೆಸರು ತಂದರು. ಉಪ್ಪನ್ನೇ ಬಿಟ್ಟು ರುಚಿ ಎನ್ನಬಾರದೇ ಎಂದು ನಾನು ಕೇಳಿದ್ದಕ್ಕೆ ರೇಗಿದರು. "ಅವ ಉಪ್ಪು ಅಂದಾನ. ಅವ ಅಂದದ್ದನ್ನ ನಾ ಹೇಳಬೇಕು. ಚಲೋ ಅನಸ್ತದ ಅಂತ ಸಕ್ಕರಿ ಅನ್ನಾಕ ನಾ ಯಾರು?" ಒಂದೊಂದು ಹೊಸ ಮಾತನ್ನೂ ತಾವೇ ತಂದು ಕಟ್ಟೆಯ ಮೇಲೆ ಕೂತು, ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಕಾಯುತ್ತಿದ್ದರು. ಅವ್ವ ಚಹಾ ಕಳಿಸುತ್ತಿದ್ದಳು. ಉತ್ತರ ಕಳಿಸುತ್ತಿರಲಿಲ್ಲ. ಓಣಿಯ ಮಂದಿ, ಈ ಅಯ್ಯಗಾರಿಗೆ ಏನಾಗಿದೆ, ಉಪ್ಪು ಮಾರುವವನ ಹಾಗೆ ದಿನಾ ಬಾಗಿಲಿಗೆ ಬಂದು ಕೂಗುತ್ತಾರೆ ಎಂದು ಆಡಿಕೊಂಡರು.

ಹೀಗೆ ಎರಡು ಬೇಸಿಗೆ ಕಳೆದವು. ಅವ್ವನಿಗೆ ಉಬ್ಬಸ ಬಲವಾಯಿತು. ಗಿರಣಿಯ ಧೂಳು ಎಂದರು ಡಾಕ್ಟರು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಮಧ್ಯಾಹ್ನ ಅವಳೇ ಅಯ್ಯಗಾರನ್ನು ಒಳಗೆ ಕರೆಸಿದಳು.

"ಆ ಮಾತು ಆತೇನ್ರಿ?"

"ಇನ್ನೂ ಇಲ್ಲವ್ವ."

"ಸಾಕು ಬಿಡ್ರಿ ಯಪ್ಪಾ. ನೀವು ಮಾತು ಬದಲಿ ಮಾಡಿದ್ರ, ಅವತ್ತು ಮಂದಿ ನಕ್ಕದ್ದು ಬದಲಿ ಆಗತದೇನು?"

ಅಯ್ಯಗಾರು ಅವಳ ಕಾಲ ಬಳಿ ಕೈ ಊರಿ ಎದ್ದರು. ಕಟ್ಟೆಗೆ ಬಂದು ಕೂಗುವುದು ಅಲ್ಲಿಗೆ ನಿಂತಿತು. ಅವ್ವ ಮಳೆ ಶುರುವಾಗುವ ಮೊದಲೇ ಹೋದಳು.

ಅವಳನ್ನು ಊರಿಗೆ ಒಯ್ದೆವು, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಲು. ಅಯ್ಯಗಾರಿಗೆ ಆಗಲೇ ಕಾಲು ಬಾತಿದ್ದವು, ಕಿಡ್ನಿ ಕೆಟ್ಟಿದೆ ಎಂದು ಗೊತ್ತಾಗಿತ್ತು. ಇಬ್ಬರು ತೋಳು ಹಿಡಿದು ಕುಣಿಯ ಅಂಚಿಗೆ ತಂದರು. ಪ್ರಾರ್ಥನೆ ಮುಗಿಯಿತು. ಗಂಡಸರು ಸಲಿಕೆ ಎತ್ತಿದರು. ಅವರು ತಡೆದರು.

"ಯಾರ್ಯಾರ ಸೆರಗಿನಾಗ ಉಪ್ಪದ?"

ಹೆಂಗಸರು ಸೆರಗನ್ನು ಹಿಂದಕ್ಕೆ ಮರೆಮಾಡಿದರು. ಮತ್ತೆ ಚೆಲ್ಲಿಸುತ್ತಾರೆ ಎಂದುಕೊಂಡಿರಬೇಕು. ಅಯ್ಯಗಾರು ಕಂದು ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಅದರಲ್ಲಿ ಹರಳುಪ್ಪಿತ್ತು.

"ಇಲ್ಲೇ, ಇದೇ ಜಾಗದಾಗ, ಈಕಿ ಗಂಡಗ ತಂದಿದ್ದ ಉಪ್ಪು ನಾ ಚೆಲ್ಲಿಸಿದ್ದೆ" ಎಂದರು. ಉಪದೇಶದ ದನಿಯಲ್ಲ, ಕಷ್ಟಪಟ್ಟು ಉಸಿರು ಹಿಡಿದು ಹೇಳಿದರು. "ತಪ್ಪಾತು. ಆಮ್ಯಾಲ ನೀವೆಲ್ಲ ಈಕಿನ್ನ ನೋಡಿ ನಗೋ ಹಂಗ ಮಾಡಿದೆ. ನಾನೂ ನಕ್ಕೆ. ಅದೂ ತಪ್ಪಾತು."

ಒಂದು ಹಿಡಿ ಹಾಕಿದರು. ಆಮೇಲೆ ಸೋದರತ್ತೆಯ ಕಡೆ ತಿರುಗಿದರು. "ನೀ ಹಾಕವ್ವ. ಹೆಸರು ಹಿಡಿದು ಹಾಕು. ನೀವಿಟ್ಟ ಹೆಸರಲ್ಲ, ಆಕಿ ಹೆಸರು."

ಸೋದರತ್ತೆ ಸೆರಗಿನ ಗಂಟು ಬಿಚ್ಚಿದಳು. ಕೈ ಮುಂದೆ ಚಾಚಿದಳು. ಬಾಯಿ ತೆರೆದವಳು ನನ್ನ ಮುಖ ನೋಡಿದಳು. ಅವಳಿಗೆ ಅವ್ವನ ಹೆಸರು ನೆನಪಿರಲಿಲ್ಲ. ಸುತ್ತ ನಿಂತವರಲ್ಲಿ ಯಾರಿಗೂ ಇರಲಿಲ್ಲ. ನಾನು ಹೇಳಿದೆ. ಅವಳು ಅದನ್ನೇ ಹೇಳಿ ಉಪ್ಪು ಹಾಕಿದಳು. ಅವಳ ಹಿಂದೆ ಬಂದವರೆಲ್ಲ ಆ ಹೆಸರು ಹೇಳಿಯೇ ಹಾಕಿದರು. ನನ್ನವ್ವನ ಹೆಸರು ಆ ಊರಿನಲ್ಲಿ ಅಷ್ಟು ಬಾಯಿಗಳಿಂದ ಕೇಳಿದ್ದು ಅದೇ ಮೊದಲು. ಕೇಳುವುದಕ್ಕೆ ಅವಳಿರಲಿಲ್ಲ.

ಈ ಸುದ್ದಿ ರಾಯಚೂರಿನ ಹಿರಿಯರಿಗೆ ಮುಟ್ಟಿತು. ಅಯ್ಯಗಾರು ತಾವೇ ಬಂದ್ ಮಾಡಿದ್ದನ್ನು ತಾವೇ ಮುರಿದರು, ಇಷ್ಟು ವಯಸ್ಸಿನಲ್ಲಿ ಬುದ್ಧಿ ಸಡಿಲವಾಗಿದೆ ಎಂದರು. ಬರೆದ ಹಾಳೆಗಳನ್ನು ಇಸಿದುಕೊಂಡು ಹೋದರು. ಉಪ್ಪಿನ ಮಾತಿನ ಜಾಗದಲ್ಲಿ ಅಡ್ಡಗೆರೆಗಳೇ ಇದ್ದವು, ಕೊನೆಗೂ ಯಾವುದನ್ನೂ ಅಯ್ಯಗಾರು ಪಾಸು ಮಾಡಿರಲಿಲ್ಲ. ಹಿರಿಯರು ಅಲ್ಲಿ ಹಳೆಯ ಪುಸ್ತಕದಲ್ಲಿದ್ದುದನ್ನೇ ಸೇರಿಸುವುದಾಗಿ ಹೇಳಿದರು.

"ಇರ್ಲಿ" ಎಂದರು ಅಯ್ಯಗಾರು, ಅವರು ಹೋದ ಮೇಲೆ. "ಹಳೇದು ಯಾರಿಗೂ ತಿಳಿಯಂಗಿಲ್ಲ. ತಿಳೀದಿದ್ರ ನೋಯಂಗೂ ಇಲ್ಲ."

ಅವರಿಗೆ ಅಡುಗೆ ಮಾಡಿ ಕೊಡುವುದು ನನ್ನ ಪಾಲಿಗೆ ಬಂತು. ಡಾಕ್ಟರು ಉಪ್ಪು ಪೂರ್ತಿ ನಿಲ್ಲಿಸಿದ್ದರು. ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡಿಸಿಕೊಂಡು ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಕೈಯ ಚರ್ಮ ಒಣಗಿ, ಕೆರೆದಲ್ಲೆಲ್ಲ ಬೂದಿ ಬಣ್ಣದ ಹೊಟ್ಟು ಏಳುತ್ತಿತ್ತು. ಬೆವರುವುದೇ ನಿಂತಿತ್ತು. ಅಂಗಿಯ ಬೆನ್ನು ಹೊಸದರ ಹಾಗೆ ಬರಿ ಕಂದು. ನಾನು ಮಾಡಿದ ಸಪ್ಪೆ ಬೇಳೆಯಲ್ಲಿ ರೊಟ್ಟಿ ಅದ್ದಿ ತಿನ್ನುತ್ತ, "ಉಪ್ಪಿನ ಬಗ್ಗೆ ಬರೆಯೋಂವಗ ಉಪ್ಪೇ ಬಂದ್ ನೋಡು. ಮ್ಯಾಲಿನಾಂವಗೂ ಚೇಷ್ಟೆ ಬರ್ತದ" ಎನ್ನುತ್ತಿದ್ದರು. ಅವರ ಜೊತೆ ನಾನೂ ಸಪ್ಪೆ ತಿನ್ನುತ್ತಿದ್ದೆ. ಬೈದರು, ಬಿಡಲಿಲ್ಲ ನಾನು.

ಒಂದು ದಿನ ತಟ್ಟೆ ಮುಂದೆ ಸರಿಸಿ ಕೇಳಿದರು. "ನನ್ನ ಮಣ್ಣಿಗೆ ಬರೋವಾಗ ಒಂದಿಷ್ಟು ಉಪ್ಪು ಕಟ್ಟಿಕೊಂಡು ಬರ್ತೀಯೇನು ಮಗಳ? ಆಗ ಡಾಕ್ಟರ್ ಬ್ಯಾಡನ್ನಂಗಿಲ್ಲ."

ತರುತ್ತೇನೆ ಎಂದೆ.

ಅವರು ಹೋದದ್ದು ಆಸ್ಪತ್ರೆಯಲ್ಲಿ. ಮಣ್ಣು ಮಾಡಿದ್ದು ದೇವದುರ್ಗದ ಕಡೆಯ ಅವರ ಹಳ್ಳಿಯಲ್ಲಿ, ಅಣ್ಣತಮ್ಮಂದಿರ ಮಕ್ಕಳಿದ್ದರು. ಕಲ್ಮಲ ದಾಟಿ ಬಸ್ಸು ತಿರುಗಿದ ಮೇಲೆ ದಾರಿಯುದ್ದಕ್ಕೂ ನನ್ನ ಕೈ ಸೆರಗಿನ ಗಂಟಿನ ಮೇಲೇ ಇತ್ತು. ಕುಣಿಯ ಹತ್ತಿರ ರಾಯಚೂರಿನ ಹಿರಿಯರು ನಿಂತಿದ್ದರು. ನಾನು ಗಂಟು ಬಿಚ್ಚುವುದನ್ನು ಕಂಡು ಅವರಲ್ಲಿ ಒಬ್ಬರು ಅಡ್ಡ ಬಂದರು. ಗದರಲಿಲ್ಲ, ಮೆತ್ತಗೇ ಹೇಳಿದರು.

"ಬ್ಯಾಡ ತಂಗಿ. ಅಯ್ಯಗಾರೇ ಬಂದ್ ಮಾಡಿಸಿದ್ದನ್ನ ಅಯ್ಯಗಾರ ಕುಣಿಯಾಗೇ ಮಾಡಿದ್ರ ಅವರಿಗೆ ಏನು ಮರ್ಯಾದಿ ಉಳೀತದ?"

"ಅವರೇ ಕೇಳಿದ್ರಿ" ಎಂದೆ.

"ಜಡ್ಡಿನಾಗ ಏನೇನೋ ಅಂತಾರ."

ಅಷ್ಟರಲ್ಲಿ ಸಲಿಕೆಗಳು ಏಳುತ್ತಿದ್ದವು. ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ. ಗಂಟು ಹಿಡಿದುಕೊಂಡು ನಿಂತೆ. ಪೆಟ್ಟಿಗೆಯ ಮೇಲೆ ಮಣ್ಣು ಬೀಳುವ ಸದ್ದು ಮೊದಲು ದೊಡ್ಡದಾಗಿ, ಆಮೇಲೆ ಸಣ್ಣದಾಗಿ, ಕೊನೆಗೆ ಮಣ್ಣಿನ ಮೇಲೆ ಮಣ್ಣು ಬೀಳುವ ಸದ್ದಾಯಿತು.

ಕುಣಿ ಮುಚ್ಚಿದ ಮೇಲೆ ಸೋದರತ್ತೆ ಬಂದಳು. ಮಾನ್ವಿಯಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ತಡವಾಗಿತ್ತು. ಜೊತೆಗೆ ಊರಿನ ನಾಲ್ಕಾರು ಹೆಂಗಸರು. ಎಲ್ಲರ ಸೆರಗಿನಲ್ಲೂ ಗಂಟು ಇತ್ತು. ಮಣ್ಣಿನ ದಿಬ್ಬದ ಸುತ್ತ ನಿಂತರು. ಹಿರಿಯರು ಆಗಲೇ ಮನೆಯ ಕಡೆ ನಡೆದಿದ್ದರು. ಈಗ ದಿಬ್ಬದ ಮೇಲೆ ಸುರಿದರೆ ತಡೆಯುವವರು ಯಾರೂ ಇರಲಿಲ್ಲ. ಒಬ್ಬಳು ಬಗ್ಗಿದಳು ಕೂಡ.

"ಮ್ಯಾಲ ಹಾಕಬ್ಯಾಡ" ಎಂದಳು ಸೋದರತ್ತೆ. "ನೆಲದ ಮ್ಯಾಲ ಉಪ್ಪು ಹಾಕೋದು ವೈರಿಗೆ."

ಮನೆಯ ಹಿತ್ತಲಲ್ಲಿ ಮಣ್ಣಿಗೆ ಬಂದವರಿಗಾಗಿ ದೊಡ್ಡ ಪಾತ್ರೆಯಲ್ಲಿ ಬೇಳೆ ಕುದಿಯುತ್ತಿತ್ತು. ಸೋದರತ್ತೆ ಸೌಟು ಹಿಡಿದಿದ್ದವಳನ್ನು, ಉಪ್ಪು ಹಾಕಿದಿರಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದಳು ಅವಳು. ಸೋದರತ್ತೆ ತನ್ನ ಗಂಟು ಬಿಚ್ಚಿ ಪಾತ್ರೆಗೆ ಹಾಕಿದಳು. ಆಮೇಲೆ ನಾನು, ಆಮೇಲೆ ಉಳಿದವರು. ಯಾರು ಎಷ್ಟು ಹಾಕಿದರೋ ಅಳತೆ ಇರಲಿಲ್ಲ. ಬೇಳೆ ಉಪ್ಪಾಗಿತ್ತು. ಹಿರಿಯರೂ ಸಾಲಿನಲ್ಲಿ ಕೂತು ಉಂಡರು. ನೀರು ಮೇಲಿಂದ ಮೇಲೆ ಕೇಳಿದರು, ಉಪ್ಪು ಯಾಕೆ ಇಷ್ಟು ಎಂದು ಯಾರೂ ಕೇಳಲಿಲ್ಲ. ನಾನು ಬಹಳ ತಿಂಗಳ ಮೇಲೆ ಉಪ್ಪು ತಿಂದದ್ದು ಅವತ್ತೇ. ನಾಲಿಗೆ ಉರಿಯಿತು.

ಅಯ್ಯಗಾರು ಕೇಳಿದ್ದ ಉಪ್ಪನ್ನು ನಾನು ಅವರಿಗೆ ಕೊಡಲಿಲ್ಲ. ಅದು ಹಾಗೇ ಉಳಿದಿದೆ.

ಪುಸ್ತಕ ಅಚ್ಚಾಗಿ ಬಂದಿದೆ. ಉಪ್ಪಿನ ಮಾತು ಹಳೆಯದೇ ಇದೆ, ಉಳಿದದ್ದೆಲ್ಲ ಅವರದು, ಅವ್ವನ ಕಿವಿಯಿಂದ ಪಾಸಾದದ್ದು. ಭಾನುವಾರ ಓದುವ ಸರದಿ ಕೆಲವೊಮ್ಮೆ ನನಗೆ ಬರುತ್ತದೆ. ಹೆಂಗಸರು ಕಣ್ಣು ತೆರೆದುಕೊಂಡು ಕೇಳುತ್ತಾರೆ. ಆ ಮಾತು ಬಂದಾಗ ನಾನು ಅದನ್ನು ಓದಿ ಮುಂದಿನದಕ್ಕೆ ಹೋಗುವುದಿಲ್ಲ. ತಲೆ ಎತ್ತಿ, ಒಬ್ಬೊಬ್ಬರ ಮುಖ ನೋಡುತ್ತೇನೆ, ಯಾರಾದರೂ ಸೆರಗು ಎಳೆದುಕೊಂಡು ಏಳುತ್ತಿದ್ದಾರೆಯೇ ಎಂದು.